ಹಳೆಯ ಯುದ್ಧವಿಮಾನ ನಿಜಕ್ಕೂ ಅಗ್ಗವೇ?

ಮಾನ್ಯ ಸಂಪಾದಕರೇ,

ಬಳಸಿದ ಯುದ್ಧವಿಮಾನ ಕೊಂಡರೆ ಹಣ ಉಳಿಯುತ್ತದೆ ಎಂಬುದು ಅರ್ಧ ಸತ್ಯ. 2021ರಲ್ಲಿ ಕ್ರೊವೇಷಿಯಾ ಫ್ರಾನ್ಸ್‌ನಿಂದ ಬಳಸಿದ 12 ರಫೇಲ್‌ಗಳ ಖರೀದಿಗೆ ಒಪ್ಪಂದ ಮಾಡಿಕೊಂಡಿತು. ಸಣ್ಣ ವಾಯುಪಡೆಗೆ ಅದು ಜಾಣ ನಡೆಯೇ. ಆದರೆ ಕೆನಡಾ ಆಸ್ಟ್ರೇಲಿಯಾದ ಹಳೆಯ ಎಫ್‌–18ಗಳನ್ನು ಕೊಳ್ಳಹೊರಟಾಗ, ವಿಮಾನ ಹೆಚ್ಚಿಸಿದರೆ ಸಾಲದು, ಅನುಭವಿ ಪೈಲಟ್‌, ತಂತ್ರಜ್ಞರ ಕೊರತೆಯಿದೆ ಎಂದು ಅಲ್ಲಿನ ಮಹಾಲೇಖಪಾಲರೇ 2018ರಲ್ಲಿ ಎಚ್ಚರಿಸಿದ್ದರು. ಬೆಲೆಯೊಂದನ್ನೇ ನೋಡಿದರೆ ಹೇಗೆ? ವಿಮಾನದ ಒಡಲಿನಲ್ಲಿ ಇನ್ನೆಷ್ಟು ಗಂಟೆಗಳ ಹಾರಾಟ ಉಳಿದಿದೆ? ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ? ರೇಡಾರ್ ಬದಲಿಸುವ ಖರ್ಚು ಯಾರದು? ಹೊಸದಕ್ಕೆ ವರ್ಷಗಟ್ಟಲೆ ಕಾಯಬೇಕು, ನಿಜ. ಆ ನಡುವಿನ ಅವಧಿಗೆ ಹಳೆಯದನ್ನು ತಂದರೆ ನನ್ನ ತಕರಾರಿಲ್ಲ. ಅದನ್ನೇ 30 ವರ್ಷ ಎಳೆಯುವ ಯೋಚನೆ ಮಾತ್ರ ಬೇಡ.

– ಓದುಗ