ತೋಟದ ಗಡಿಯನ್ನು ಸರ್ಕಾರವೇ ಅಳೆದು ಕೊಡಲಿ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ,

ಚಿಕ್ಕಮಗಳೂರು ಜಿಲ್ಲೆಯ ಸಣ್ಣ ಕಾಫಿ ಬೆಳೆಗಾರನೊಬ್ಬನ ನಮಸ್ಕಾರಗಳು.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ತೋಟಗಳ ಗಡಿಯನ್ನು ಸರ್ಕಾರವೇ ಅಳೆಯಲಿ. 2020ರಲ್ಲಿ ಅಲ್ಲಿ ಕಾಫಿ ಇತ್ತು ಎಂದು ಸರ್ಕಾರವೇ ಬರೆದು, ಮೊಹರು ಹಾಕಿ ಕೊಡಲಿ. ಈ ಕೆಲಸ ಮುಂದಿನ ಕೊಯ್ಲಿಗೆ ಮುಂಚೆ ಆಗಲಿ.

ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ನಿಯಮ, ಅಂದರೆ 2023/1115, ತಮಗೆ ತಿಳಿಯದ್ದೇನಲ್ಲ. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಈ ಏಳು ಸರಕುಗಳು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಿಂದ ಬಂದಿದ್ದರೆ ಅವಕ್ಕೆ ಯುರೋಪಿನ ಬಾಗಿಲು ಮುಚ್ಚಿದಂತೆ. ಎರಡು ಸಲ ಮುಂದೂಡಿ, ಈಗ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣ ಕಂಪನಿಗಳಿಗೆ 2027ರ ಜೂನ್ 30 ಎಂದು ಗಡುವು ಇಟ್ಟಿದ್ದಾರೆ. ಎರಡನೆಯ ಗಡುವು ನಮ್ಮಂಥ ಸಣ್ಣ ಬೆಳೆಗಾರರದ್ದು ಎಂದು ಬೆಳೆಗಾರರ ಸಭೆಗಳಲ್ಲಿ ಹೇಳಿ ಕಳಿಸುತ್ತಿದ್ದಾರೆ. ಅದು ತಪ್ಪು. ಆ ರಿಯಾಯಿತಿ ಯುರೋಪಿನಲ್ಲಿ ಮಾಲು ಇಳಿಸಿಕೊಳ್ಳುವ ಸಣ್ಣ ಕಂಪನಿಗಳಿಗೆ. ನಮ್ಮ ಕಾಫಿ ಹೋಗುವುದು ದೊಡ್ಡ ಆಮದುದಾರರ ಕೈಗೆ. 2026ರ ನವೆಂಬರಿನಿಂದ ಕೊಯ್ಯುವ ಅರೇಬಿಕಾ, ಜನವರಿಯಿಂದ ಕೊಯ್ಯುವ ರೊಬಸ್ಟಾ ನೇರವಾಗಿ ಈ ನಿಯಮದ ಬಾಯಿಗೇ ಹೋಗುತ್ತದೆ.

ಇನ್ನೊಂದು ಸಮಾಧಾನದ ಮಾತೂ ಚಾಲ್ತಿಯಲ್ಲಿದೆ. 2025ರ ಮೇ ತಿಂಗಳಲ್ಲಿ ಭಾರತವನ್ನು 'ಕಡಿಮೆ ಅಪಾಯ'ದ ಪಟ್ಟಿಗೆ ಸೇರಿಸಿದ್ದಾರಲ್ಲ, ಇನ್ನೇನು ಚಿಂತೆ ಎನ್ನುತ್ತಾರೆ. ಆ ಪಟ್ಟಿಯಿಂದ ಆಮದುದಾರನಿಗೆ ಅಪಾಯದ ಮೌಲ್ಯಮಾಪನ ಮಾಡುವ ಹೊರೆ ತಪ್ಪುತ್ತದೆ, ತಪಾಸಣೆ ನೂರಕ್ಕೆ 3ರಿಂದ 1ಕ್ಕೆ ಇಳಿಯುತ್ತದೆ, ಅಷ್ಟೇ. ಕಾಫಿ ಬೆಳೆದ ಪ್ರತಿ ತುಂಡು ಜಮೀನಿನ ಅಕ್ಷಾಂಶ, ರೇಖಾಂಶ ಕೊಡಲೇಬೇಕು. ಆ ನೆಲದ ಮೇಲಿನ ಹಕ್ಕಿನಿಂದ ಹಿಡಿದು ನಮ್ಮ ದೇಶದ ಕಾನೂನಿನ ಪ್ರಕಾರವೇ ಬೆಳೆದದ್ದು ಎಂದು ತೋರಿಸಲೇಬೇಕು. ನಾವು ಸಿಕ್ಕಿಬಿದ್ದಿರುವುದು ಈ ಎರಡರಲ್ಲಿ.

ಮೊದಲು ಅಳತೆಯ ವಿಷಯ. 4 ಹೆಕ್ಟೇರಿಗಿಂತ ಹೆಚ್ಚಿನ ಜಮೀನಿಗೆ, ನಮ್ಮ ಲೆಕ್ಕದಲ್ಲಿ ಸುಮಾರು 9 ಎಕರೆ 35 ಗುಂಟೆಗಿಂತ ಹೆಚ್ಚಿದ್ದರೆ, ಸುತ್ತಲಿನ ಗಡಿರೇಖೆ ಕೊಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಒಂದು ಬಿಂದು ಸಾಕು. ಕೇಳಲು ಸುಲಭ. ಆದರೆ ಬಿಂದು ಕೊಟ್ಟರೆ ಪರಿಶೀಲಿಸುವವರು ಅದರ ಸುತ್ತ ಒಂದು ವೃತ್ತ ಎಳೆದು ಅರಣ್ಯ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ಮಲೆನಾಡಿನ ತೋಟ ದುಂಡಗಿರುವುದಿಲ್ಲ. ಹಳ್ಳದ ಬದಿಗೆ, ಗುಡ್ಡದ ಓರೆಗೆ ಉದ್ದುದ್ದ ಪಟ್ಟಿಯಾಗಿ ಹರಿದಿರುತ್ತದೆ. ವೃತ್ತದ ಅರ್ಧ ಪಕ್ಕದ ಮೀಸಲು ಅರಣ್ಯದಲ್ಲೋ ಕಾನಿನಲ್ಲೋ ಬೀಳುತ್ತದೆ. ಹಾಗಾಗಿ ಎರಡು ಎಕರೆಯವನಿಗೂ ಗಡಿರೇಖೆಯೇ ಕ್ಷೇಮ.

ಆ ರೇಖೆ ಎಳೆಯುವವರು ಯಾರು? ದಶಾಂಶದ ನಂತರ ಆರು ಅಂಕಿ ಬೇಕು ಎಂದು ನಿಯಮ ಹೇಳುತ್ತದೆ. ಆರನೆಯ ಅಂಕಿ ಎಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಹಾಲುವಾಣ, ಸಿಲ್ವರ್ ಓಕ್, ಅತ್ತಿ, ಹಲಸಿನ ನೆರಳಿನಡಿ ಫೋನು ಹಿಡಿದು ನಡೆದರೆ ಹತ್ತು ಮೀಟರು ಅತ್ತಿತ್ತ ಆಗುವುದು ಮಾಮೂಲು. ಅಂಕಿ ಆರು ಬರುತ್ತದೆ, ನಿಜವಾದ ಜಾಗ ಬರುವುದಿಲ್ಲ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಆಗಿ ಆಕಾಶ ಕಾಣುವಾಗ ನಡೆಯಬೇಕು. ಪ್ರತಿ ಮೂಲೆಯಲ್ಲೂ ನಿಂತು, ಫೋನು ತೋರಿಸುವ ನಿಖರತೆ 5 ಮೀಟರಿಗಿಂತ ಕೆಳಗಿಳಿದ ಮೇಲೆ ಗುರುತು ಹಾಕಬೇಕು. ಎಲೆಯೆಲ್ಲ ನೆನೆದಿರುವ ಜಡಿಮಳೆಯಲ್ಲಿ ಈ ಕೆಲಸಕ್ಕೆ ಇಳಿಯಲೇಬಾರದು. ಇದನ್ನು ಬೆಳೆಗಾರನಿಗೆ ಯಾರೂ ಹೇಳಿಕೊಟ್ಟಿಲ್ಲ. ಅವನ ರೇಖೆ ಪಕ್ಕದವನ ಗಡಿಯೊಳಕ್ಕೆ ನುಗ್ಗುತ್ತದೆ, ಇಲ್ಲವೇ ಅರಣ್ಯದ ಅಂಚಿಗೆ ತಾಗುತ್ತದೆ, ತೋಟ ನೋಂದಾಯಿಸಲು ಹಾಕಿದ ಅರ್ಜಿ ತಿರಸ್ಕಾರವಾಗುತ್ತದೆ. ಭೂಮಾಪನ ಇಲಾಖೆಯ ಹತ್ತಿರ ಸೆಂಟಿಮೀಟರಿನ ಲೆಕ್ಕದಲ್ಲಿ ಅಳೆಯುವ ರೋವರ್ ಯಂತ್ರಗಳಿವೆ. ಅವನ್ನು ಕಾಫಿ ಹೋಬಳಿಗಳಿಗೆ ಕಳಿಸಿ ಎಂದಷ್ಟೇ ನಮ್ಮ ಬೇಡಿಕೆ.

ಅಳತೆಯ ಜೊತೆಗೇ ಬರುವ ಇನ್ನೊಂದು ತೊಡಕು ನೆರಳು. 2020ರಲ್ಲಿ ಎಲ್ಲೆಲ್ಲಿ ಕಾಡಿತ್ತು ಎಂದು ಯುರೋಪಿನವರು ಉಪಗ್ರಹ ಚಿತ್ರಗಳಿಂದ 10 ಮೀಟರ್ ಚೌಕಗಳ ನಕ್ಷೆ ಮಾಡಿದ್ದಾರೆ. ಮೇಲಿನಿಂದ ನೋಡುವ ಕಣ್ಣಿಗೆ ಕಾಣುವುದು ಮರದ ತಲೆ. ಅದರಡಿಯ ಕಾಫಿ ಗಿಡ ಕಾಣುವುದಿಲ್ಲ. ಬ್ರೆಜಿಲಿನ ಬಯಲು ತೋಟ ಆ ಚಿತ್ರದಲ್ಲಿ ಹೊಲವಾಗಿಯೇ ಕಾಣುತ್ತದೆ, ನಮ್ಮ ಎರಡಂತಸ್ತಿನ ನೆರಳಿನ ತೋಟ ಕಾಡಾಗಿ ಕಾಣುತ್ತದೆ. ಕಾನೂನಿನ ಅಕ್ಷರ ನಮ್ಮ ಪರವಾಗಿಯೇ ಇದೆ. ಅರ್ಧ ಹೆಕ್ಟೇರಿಗಿಂತ ಹೆಚ್ಚು ಜಾಗ, 5 ಮೀಟರಿಗಿಂತ ಎತ್ತರದ ಮರ, ನೂರಕ್ಕೆ 10ಕ್ಕಿಂತ ಹೆಚ್ಚು ಹೊದಿಕೆ ಇದ್ದರೆ ಅರಣ್ಯ ಎಂದು ಹೇಳಿದ ನಿಯಮವೇ, ಮರದ ನೆರಳಿನಲ್ಲಿ ಬೆಳೆ ತೆಗೆಯುವ ಕೃಷಿ ಪದ್ಧತಿಯನ್ನು ಅರಣ್ಯದ ಲೆಕ್ಕದಿಂದ ಬಿಟ್ಟಿದೆ. ನಕ್ಷೆಗೆ ಕಾನೂನಿನ ಬಲವಿಲ್ಲ ಎಂದೂ ಅವರೇ ಹೇಳಿದ್ದಾರೆ. ಆದರೆ ಖರೀದಿದಾರ ಮೊದಲು ನೋಡುವುದು ನಕ್ಷೆಯನ್ನೇ. ಹಳೆಯ ಸಿಲ್ವರ್ ಮರಗಳನ್ನು ಕಾನೂನಿನ ಪ್ರಕಾರವೇ ಕಡಿದು ಮಾರಿದ ತೋಟದಲ್ಲಿ 2020ಕ್ಕೆ ಹಸಿರು, ಈಗ ಬೋಳು ಎಂದು ಕಂಡರೆ ಅವನ ಕಣ್ಣಿಗೆ ಅದು ಅರಣ್ಯನಾಶ. ಅಲ್ಲ ಎಂದು ಸಾಬೀತು ಮಾಡುವ ಹೊಣೆ ಬೆಳೆಗಾರನ ತಲೆಗೆ ಬರುತ್ತದೆ.

ಸಾಬೀತಿಗೆ ಬೇಕಾದ ಸಾಕ್ಷಿ ಸರ್ಕಾರದ ಹತ್ತಿರವೇ ಇದೆ. 2020ರಲ್ಲಿ ರಾಜ್ಯ ಸರ್ಕಾರ ರೈತರ ಕೈಯಲ್ಲೇ ಆ್ಯಪ್ ಮೂಲಕ ಬೆಳೆ ಸಮೀಕ್ಷೆ ಮಾಡಿಸಿತು. ಸರ್ವೆ ನಂಬರ್, ಬೆಳೆಯ ಹೆಸರು, ಜಾಗದಲ್ಲೇ ತೆಗೆದ ಫೋಟೋ ದಾಖಲಾಯಿತು. ಯುರೋಪಿನ ನಿಯಮ ಲೆಕ್ಕಕ್ಕೆ ಹಿಡಿಯುವ ವರ್ಷವೂ ಅದೇ 2020. ಆ ದಾಖಲೆಯನ್ನು ಸರ್ವೆ ನಂಬರುವಾರು ತೆಗೆದು, ದೃಢೀಕರಿಸಿ ಕೊಟ್ಟರೆ ಯಾವ ಉಪಗ್ರಹ ಚಿತ್ರದ ಎದುರಿಗೂ ಇಟ್ಟು ಮಾತಾಡಬಹುದು. ಇಷ್ಟನ್ನು ಮಾಡಿಸಲು ಹೊಸ ಕಾಯ್ದೆ ಬೇಡ. ತಾವು ರಾಜ್ಯ ಸರ್ಕಾರಕ್ಕೂ ಕಾಫಿ ಮಂಡಳಿಗೂ ಪತ್ರ ಬರೆದು, ಒಂದೇ ಮೇಜಿಗೆ ಕರೆದು ಕೂರಿಸಿದರೆ ಸಾಕು.

ಇನ್ನು ಹಕ್ಕುಪತ್ರದ ವಿಷಯ. ಇಲ್ಲಿ ನನ್ನ ಮಾತು ಸ್ವಲ್ಪ ಒರಟಾದರೆ ಕ್ಷಮಿಸಬೇಕು.

ನಮ್ಮ ಸೀಮೆಯ ಒಬ್ಬ ಅಜ್ಜಿ. ಗಂಡ ತೀರಿಹೋಗಿದ್ದಾರೆ. 2 ಎಕರೆ 20 ಗುಂಟೆ ರೊಬಸ್ಟಾ ತೋಟ. ಪಹಣಿ ಇನ್ನೂ ಮಾವನ ಹೆಸರಿನಲ್ಲಿದೆ, ಪೌತಿ ಖಾತೆ, ಅಂದರೆ ತೀರಿಹೋದವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿಲ್ಲ. ಸರ್ವೆ ನಂಬರ್ ಒಂದೇ, ಅದರಲ್ಲಿ ನಾಲ್ಕು ಜನ ಅಣ್ಣತಮ್ಮಂದಿರ ಪಾಲು, ಪೋಡಿ ಆಗಿಲ್ಲ, ಅಂದರೆ ಪಾಲುಗಳನ್ನು ಅಳೆದು ಬೇರೆ ಬೇರೆ ನಂಬರು ಕೊಟ್ಟಿಲ್ಲ. ಹಿರಿಯ ಅಣ್ಣನ ಮಗ ಈ ನಿಯಮಕ್ಕಾಗಿ ತೋಟದ ನೋಂದಣಿ ಮಾಡಿಸುವಾಗ ಇಡೀ ಸರ್ವೆ ನಂಬರಿನ ಗಡಿಯನ್ನೇ ತನ್ನ ತೋಟ ಎಂದು ಹಾಕಿದ. ಅವನದೂ ತಪ್ಪೆನ್ನಲಾರೆ, ಅವನ ಕೈಯಲ್ಲಿದ್ದ ನಕ್ಷೆ ಅದೊಂದೇ. ಅಜ್ಜಿಯ ಗಡಿ ಹಾಕಿದಾಗ ಮೊದಲೇ ನೋಂದಾಯಿಸಿದ ಜಾಗದ ಮೇಲೆ ಬೀಳುತ್ತಿದೆ ಎಂದು ಅರ್ಜಿ ವಾಪಸು ಬಂತು. ಪೋಡಿ ಮಾಡಿಸಿ ಎಂದರು. ಪೋಡಿಗೆ ಹೋದರೆ ಪಹಣಿಗಳ ಒಟ್ಟು ವಿಸ್ತೀರ್ಣಕ್ಕೂ ಸರ್ವೆಯ ಮೂಲ ವಿಸ್ತೀರ್ಣದ ದಾಖಲೆಯಾದ ಆಕಾರಬಂದಿಗೂ ತಾಳೆ ಆಗುವುದಿಲ್ಲ, ತಿದ್ದುಪಡಿ ಆದೇಶ ತನ್ನಿ ಎಂದರು. ತಿದ್ದುಪಡಿಗೆ ಎಲ್ಲ ಪಾಲುದಾರರ ಸಹಿ ಬೇಕು, ಅವರಲ್ಲಿ ಒಬ್ಬರು ಊರು ಬಿಟ್ಟು ಎಷ್ಟೋ ಕಾಲವಾಯಿತು. ಕೊನೆಗೆ ಕಚೇರಿಯಲ್ಲಿ ಒಬ್ಬರು, "ಕಾಫಿ ಯಾರೂ ಕೇಳದಿದ್ದರೆ ತೆಗೆದುಹಾಕಿ ಶುಂಠಿಗೆ ಕೊಟ್ಟುಬಿಡಿ ಅಜ್ಜಿ" ಎಂದರಂತೆ.

ಶುಂಠಿಗೆ ಕೊಡುವುದೆಂದರೆ ಏನು ಎಂದು ತಮಗೆ ಗೊತ್ತಿದೆ. ನೆರಳಿನ ಮರ ಕಡಿಯಬೇಕು, ಬೇರು ಕೀಳಿಸಬೇಕು, ಓರೆ ನೆಲವನ್ನು ಅಗೆದು ಏರಿ ಮಾಡಬೇಕು, ಮೊದಲ ಜೋರು ಮಳೆಗೆ ಮೇಲ್ಮಣ್ಣು ಹಳ್ಳಕ್ಕೆ ಹೋಗಬೇಕು. ಆ ಏಳು ಸರಕುಗಳ ಪಟ್ಟಿಯಲ್ಲಿ ಶುಂಠಿ ಇಲ್ಲ. ಮರ ಉಳಿಸಿಕೊಂಡು ಬಂದ ಹೆಂಗಸಿಗೆ ಮರ ಕಡಿಯಿರಿ ಎಂದು ಸರ್ಕಾರಿ ಕುರ್ಚಿಯಲ್ಲಿ ಕೂತವರು ಹೇಳುತ್ತಾರೆ. ಈ ಮಾತು ಕೇಳಿದ ದಿನದಿಂದ ನನ್ನ ಸಿಟ್ಟು ಇಳಿದಿಲ್ಲ. ಯುರೋಪಿನ ನಿಯಮ ಕಾಡು ಉಳಿಸುವುದಕ್ಕೇ ಬಂದಿದ್ದರೆ ಅದು ಮೊದಲು ಕೈಹಿಡಿಯಬೇಕಾದದ್ದು ಈ ಅಜ್ಜಿಯನ್ನು. ಆಕೆಯ ಕೈಗೆ ಬೇಕಾದ ಕಾಗದ ಬ್ರಸೆಲ್ಸಿನಲ್ಲಿಲ್ಲ ಸ್ವಾಮಿ, ನಮ್ಮ ತಾಲ್ಲೂಕು ಕಚೇರಿಯಲ್ಲಿದೆ.

ಆಕೆಗಾದರೂ ಪಹಣಿ ಎಂಬುದೊಂದು ಇದೆ. ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂದು ನಮೂನೆ 50, ಆಮೇಲೆ 53, ಆಮೇಲೆ 57ರಲ್ಲಿ ಅರ್ಜಿ ಹಾಕಿ ಕಾದಿರುವವರಿಗೆ ಅದೂ ಇಲ್ಲ. ಮೀಸಲು ಅರಣ್ಯ ಮಾಡುತ್ತೇವೆ ಎಂದು ಅರಣ್ಯ ಕಾಯ್ದೆಯ ಸೆಕ್ಷನ್ 4ರಲ್ಲಿ ಅಧಿಸೂಚನೆ ಆಗಿ, ಸೆಕ್ಷನ್ 17ರ ಅಂತಿಮ ಅಧಿಸೂಚನೆ ಆಗದೆ, ಕಾಡೂ ಅಲ್ಲದ ತೋಟವೂ ಅಲ್ಲದ ಜಮೀನುಗಳು ನಮ್ಮ ಜಿಲ್ಲೆಯಲ್ಲಿ ಉಳಿದೇ ಇವೆ. ಕಂದಾಯ ಮತ್ತು ಅರಣ್ಯ ಇಲಾಖೆಗಳು ಜಂಟಿ ಸರ್ವೆ ಮಾಡಲಿ ಎಂದು ಮಲೆನಾಡು ಕೇಳುತ್ತಾ ಬಂದಿರುವುದು ಇವತ್ತಿನಿಂದಲ್ಲ. ದೊಡ್ಡ ಒತ್ತುವರಿಗಳನ್ನು ಸಮರ್ಥಿಸಿ ನಾನು ಬರೆಯುತ್ತಿಲ್ಲ. ಯಾವುದು ಕಾಡು, ಯಾವುದು ತೋಟ ಎಂದು ತೀರ್ಮಾನಿಸಿ ಎನ್ನುತ್ತಿದ್ದೇನೆ.

ಒಬ್ಬರ ಕಾಗದ ಸರಿ ಇಲ್ಲದಿದ್ದರೆ ಉಳಿದವರಿಗೇನು ಎನ್ನಬಹುದು. ಒಂದು ಕಂಟೇನರಿಗೆ 60 ಕಿಲೋದ 320 ಚೀಲ, ಅಂದರೆ 19,200 ಕಿಲೋ. ಸಣ್ಣ ಬೆಳೆಗಾರರ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಹಳ್ಳಿಯ ವ್ಯಾಪಾರಿಯ ಗೋದಾಮಿನಲ್ಲೇ ಬೆರೆತು, ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸಿಗೆ ಒಂದೇ ರಾಶಿಯಾಗಿ ಹೋಗುತ್ತದೆ. ಮೂಲ ತಿಳಿದ ಮಾಲಿನ ಜೊತೆ ಮೂಲ ತಿಳಿಯದ ಮಾಲು ಬೆರೆಸಿ ಲೆಕ್ಕ ಸರಿದೂಗಿಸಲು ಈ ನಿಯಮ ಬಿಡುವುದಿಲ್ಲ. ಒಂದು ತುಂಡು ಜಮೀನು ತಪ್ಪಿದರೆ ಇಡೀ ಕಂಟೇನರ್ ನಿಲ್ಲುತ್ತದೆ. ತಪ್ಪಿದ ಕಂಪನಿಗೆ ಗರಿಷ್ಠ ದಂಡ ಯುರೋಪಿನ ಅದರ ವಾರ್ಷಿಕ ವಹಿವಾಟಿನ ನೂರಕ್ಕೆ 4ಕ್ಕಿಂತ ಕಡಿಮೆ ಇರುವಂತಿಲ್ಲ. ಅಷ್ಟು ದೊಡ್ಡ ಕತ್ತಿ ತಲೆಯ ಮೇಲಿರುವ ಕಂಪನಿ ನೂರು ಸಣ್ಣ ತೋಟಗಳ ಕಾಗದ ತಿರುವುತ್ತಾ ಕೂರುವುದಿಲ್ಲ. ಒಂದು ದೊಡ್ಡ ಎಸ್ಟೇಟಿನಿಂದ ಕೊಂಡು ಸುಮ್ಮನಾಗುತ್ತದೆ. ಸಣ್ಣವನ ಮಾಲನ್ನು ವ್ಯಾಪಾರಿ ಚೀಲಕ್ಕೆ ಇಷ್ಟು ಕಡಿಮೆ ಎಂದು ಮುರಿದು ಕೊಳ್ಳುತ್ತಾನೆ. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಹೊರಗೆ ಬೀಳುವವರು ಯಾರು ಎಂದು ತಾವೇ ಲೆಕ್ಕ ಹಾಕಿ.

ಹೊರದೇಶದ ಕಟ್ಟಳೆಗೆ ನಾವೇನು ಮಾಡಲು ಸಾಧ್ಯ ಎಂದು ತಮ್ಮ ಪಕ್ಷದವರೂ ಎದುರು ಪಕ್ಷದವರೂ ಒಂದೇ ಉತ್ತರ ಕೊಡುತ್ತಾರೆ. 1996ರಲ್ಲಿ ಜಿನೀವಾದಲ್ಲಿ ಅಣ್ವಸ್ತ್ರ ಪರೀಕ್ಷಾ ನಿಷೇಧ ಒಪ್ಪಂದದ ಚರ್ಚೆ ನಡೆದಾಗ ಭಾರತ ಹೀಗೆ ಕೈಚೆಲ್ಲಲಿಲ್ಲ. ಒಪ್ಪಂದ ಜಾರಿಗೆ ಬರಲು ಸಹಿ ಹಾಕಿ ಅನುಮೋದಿಸಲೇಬೇಕಾದ 44 ದೇಶಗಳ ಪಟ್ಟಿಯಲ್ಲಿ ನಮ್ಮನ್ನು ಕೇಳದೆ ನಮ್ಮ ಹೆಸರು ಸೇರಿಸಿದ್ದನ್ನು ಪ್ರತಿಭಟಿಸಿತು, ಸಹಿ ಹಾಕಲಿಲ್ಲ. ಆ ಒಪ್ಪಂದ ಇವತ್ತಿಗೂ ಜಾರಿಯಾಗಿಲ್ಲ. ಆ ನಿಲುವು ಸರಿಯೋ ತಪ್ಪೋ ಎನ್ನುವುದು ಬೇರೆ ಚರ್ಚೆ. ಯುರೋಪಿನ ಈ ನಿಯಮದಲ್ಲಿ ಹಾಗೆ ಸಹಿ ಹಾಕದೆ ಎದ್ದು ಬರುವ ಅವಕಾಶವೇ ಇಲ್ಲ, ಯಾಕೆಂದರೆ ಇದು ಒಪ್ಪಂದವಲ್ಲ. ಕೊಳ್ಳುವವನು ತನ್ನ ಅಂಗಡಿಗೆ ಹಾಕಿಕೊಂಡ ನಿಯಮ. ಅದಕ್ಕೇ ಮೇಜಿನ ಬಳಿ ಮೊದಲೇ ಕೂರಬೇಕು. ಇಂಡೋನೇಷ್ಯಾ, ಮಲೇಷ್ಯಾ 2023ರಲ್ಲೇ ಯುರೋಪಿನ ಜೊತೆ ಜಂಟಿ ಕಾರ್ಯಪಡೆ ಮಾಡಿಕೊಂಡು ಸಣ್ಣ ರೈತರ ವಿಷಯ, ನಕ್ಷೆಯ ವಿಷಯ ಮಾತಾಡಿದವು. ನೆರಳಿನ ಕಾಫಿ ಅರಣ್ಯವಲ್ಲ, ಅರಣ್ಯನಾಶವೂ ಅಲ್ಲ ಎಂಬ ಮಾತನ್ನು ಭಾರತದ ವಾಣಿಜ್ಯ ಸಚಿವಾಲಯ ಬರವಣಿಗೆಯಲ್ಲಿ ಒಪ್ಪಿಸಿಕೊಂಡು ಬರಬೇಕು. ಅದನ್ನು ಲೋಕಸಭೆಯಲ್ಲಿ ಕೇಳಬೇಕಾದವರು ಕಾಫಿ ಜಿಲ್ಲೆಯ ಸದಸ್ಯರಾದ ತಾವು.

ಮತ್ತೆ ಕೇಳುತ್ತೇನೆ. ರೋವರ್ ಇಟ್ಟು ತೋಟದ ಗಡಿ ಅಳೆಸಿ, ಸಣ್ಣವರಿಂದ ಶುಲ್ಕ ತೆಗೆದುಕೊಳ್ಳಬೇಡಿ. 2020ರ ಬೆಳೆ ಸಮೀಕ್ಷೆಯ ದಾಖಲೆಯನ್ನು ದೃಢೀಕರಿಸಿ ಕೊಡಿಸಿ. ಪೋಡಿ, ಪೌತಿ ಖಾತೆ ಬಾಕಿ ಇರುವ ಕಾಫಿ ಸರ್ವೆ ನಂಬರುಗಳಿಗೆ ಹೋಬಳಿ ಮಟ್ಟದಲ್ಲೇ ಅದಾಲತ್ ಕೂರಿಸಿ. ಅಲ್ಲಿಯವರೆಗೆ ಜಮೀನಿನ ಸ್ವಾಧೀನ ಅನುಭವದಲ್ಲಿರುವವರ ಗಡಿಯನ್ನು ನೆರೆಹೊರೆಯವರ ಎದುರು ಮಹಜರು ಮಾಡಿ, ತಹಶೀಲ್ದಾರರ ಸಹಿಯೊಂದಿಗೆ ಮಾನ್ಯ ಮಾಡಿಸಿ. ಗಡಿ ಅಳೆದು ಕೊಡಿ, ಮಿಕ್ಕದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಮನವಿ ಸ್ವೀಕರಿಸಲಾಗಿದೆ, ಪರಿಶೀಲಿಸಲಾಗುವುದು ಎಂಬ ಉತ್ತರ ದಯವಿಟ್ಟು ಬೇಡ. ಯಾವ ಹೋಬಳಿಯಲ್ಲಿ ಯಾವ ದಿನ ಸರ್ವೇಯರ್ ಬರುತ್ತಾರೆ ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಿಸಿ.

ಇಂತಿ,
ಚಿಕ್ಕಮಗಳೂರು ಜಿಲ್ಲೆಯ ಸಣ್ಣ ಕಾಫಿ ಬೆಳೆಗಾರ