ಮಂಗಗಳ ಕ್ಯೂ ಚಿತ್ರ ಇನ್ನು ಸಾಕು

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮಾನವ ವಿಕಾಸದ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಚಿತ್ರ ಮಾತ್ರ ಅದೇ ಹಳೆಯದು. ಎಡಗಡೆ ಬಗ್ಗಿದ ಮಂಗ, ಆಮೇಲೆ ಒಬ್ಬರಿಗಿಂತ ಒಬ್ಬರು ಸ್ವಲ್ಪ ನೆಟ್ಟಗಾದ ನಾಲ್ಕೈದು ಜನ, ಕೊನೆಗೆ ಈಟಿ ಹಿಡಿದ ಮನುಷ್ಯ. ನ್ಯಾಯಬೆಲೆ ಅಂಗಡಿ ಮುಂದಿನ ಕ್ಯೂ ಥರ. ಮೇಲೆ ‘ಮಂಗನಿಂದ ಮಾನವ’ ಅಂತ ತಲೆಬರಹ.

ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ಹೈಸ್ಕೂಲಿನಲ್ಲಿ 31 ವರ್ಷ ಇದೇ ಚಿತ್ರವನ್ನು ನಾನೂ ಬೋರ್ಡಿನ ಮೇಲೆ ಬರೆದವನೇ. ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಒಂದೇ ಪ್ರಶ್ನೆ ಬರುತ್ತಿತ್ತು: “ಸಾರ್, ಹಾಗಾದ್ರೆ ಈಗಿರೋ ಮಂಗಗಳು ಯಾಕೆ ಮನುಷ್ಯರಾಗ್ತಿಲ್ಲ?” ಕ್ಲಾಸೆಲ್ಲ ನಗುತ್ತಿತ್ತು. ತಪ್ಪು ಹುಡುಗನದಲ್ಲ, ಚಿತ್ರದ್ದು. ಚಿಂಪಾಂಜಿ ನಮ್ಮ ಮುತ್ತಜ್ಜ ಅಲ್ಲ, ದಾಯಾದಿ. ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಮನೆ ಪಾಲಾಯಿತು, ಅಷ್ಟೇ.

ಹೋಗಲಿ, ಈ ಕ್ಯೂನಲ್ಲಿ ಡೆನಿಸೋವನ್ನರನ್ನು, ಅಂದರೆ ಅಳಿದುಹೋದ ಇನ್ನೊಂದು ಮಾನವ ಕುಲದವರನ್ನು, ಎಲ್ಲಿ ನಿಲ್ಲಿಸುತ್ತೀರಿ? ಅಂಥವರು ಇದ್ದರು ಅಂತ 2010ರಲ್ಲಿ ಗೊತ್ತಾಗಿದ್ದೇ ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಸಿಕ್ಕ ಕಿರುಬೆರಳಿನ ಮೂಳೆ ಚೂರಿನಿಂದ. ಡಿಎನ್‌ಎ ಇತ್ತು, ಮುಖ ಇರಲಿಲ್ಲ. ಆ ಮುಖ ಚೀನಾದ ಹಾರ್ಬಿನ್ನಿನ ಒಂದು ಹಾಳು ಬಾವಿಯಲ್ಲಿ ಕೂತಿತ್ತು! 1933ರಲ್ಲಿ ಸೇತುವೆ ಕೆಲಸದ ಕೂಲಿಯೊಬ್ಬನಿಗೆ ಬುರುಡೆ ಸಿಕ್ಕಿತಂತೆ. ಊರು ಜಪಾನಿಯರ ಕೈಯಲ್ಲಿತ್ತು. ಅವರ ಕಣ್ಣಿಗೆ ಬೀಳಬಾರದೆಂದು ಬಾವಿಯಲ್ಲಿ ಬಚ್ಚಿಟ್ಟು, ಸಾಯುವ ಮುಂಚೆ ಮನೆಯವರಿಗೆ ಗುಟ್ಟು ಹೇಳಿದ. ಮನೆಯವರು ಹೇಳುವ ಕತೆ ಇದು. 2018ರಲ್ಲಿ ಬುರುಡೆ ವಿಶ್ವವಿದ್ಯಾಲಯ ಸೇರಿತು. ವಯಸ್ಸು ಕಡಿಮೆ ಅಂದರೂ 1,46,000 ವರ್ಷ. ಮೂಳೆಯಲ್ಲಿ ಡಿಎನ್‌ಎ ಸಿಗಲಿಲ್ಲ. ಬಾಯಲ್ಲಿ ಉಳಿದಿದ್ದು ಒಂದೇ ಒಂದು ದವಡೆ ಹಲ್ಲು. ಅದರ ಮೇಲೆ ಕಲ್ಲಿನಂತೆ ಕಟ್ಟಿದ್ದ ಪಾಚಿಯನ್ನು ಚೂರೇ ಚೂರು ಕೆರೆದು ಚೀನಾದ ವಿಜ್ಞಾನಿ ಚಿಯಾಮೇ ಫೂ ಅವರ ತಂಡ ಡಿಎನ್‌ಎ ತೆಗೆಯಿತು. ಡೆನಿಸೋವನ್ ಅಂತ 2025ರಲ್ಲಿ ಗೊತ್ತಾಯಿತು. (ಹಲ್ಲುಜ್ಜದಿದ್ದರೂ ಲಾಭ ಉಂಟು ಅನ್ನುವುದನ್ನು ಮೊಮ್ಮಗನಿಂದ ಮುಚ್ಚಿಟ್ಟಿದ್ದೇನೆ.)

ಅದೇ ಡೆನಿಸೋವಾ ಗುಹೆಯ ಇನ್ನೊಂದು ಮೂಳೆ ಚೂರು ಒಬ್ಬ ಹುಡುಗಿಯದು. ತಾಯಿ ನಿಯಾಂಡರ್ತಾಲ್ (ಅದೂ ಅಳಿದುಹೋದ ಒಂದು ಮಾನವ ಕುಲವೇ), ತಂದೆ ಡೆನಿಸೋವನ್. ಅವಳು ಯಾರ ಹಿಂದೆ ನಿಲ್ಲಬೇಕು?

ನಾವೂ ಈ ಬೆರಕೆಯವರೇ. ಕೋವಿಡ್ ಕೆಲವರನ್ನು ಜಾಸ್ತಿ ಕಾಡಿದ್ದಕ್ಕೆ 3ನೇ ಕ್ರೋಮೋಸೋಮಿನ ಒಂದು ತುಂಡೂ ಒಂದು ಕಾರಣ. ಅದು ನಿಯಾಂಡರ್ತಾಲರಿಂದ ಬಂದಿದ್ದು ಅಂತ 2020ರಲ್ಲಿ ವಿಜ್ಞಾನಿಗಳಾದ ಹ್ಯೂಗೋ ಝೀಬರ್ಗ್ ಮತ್ತು ಸ್ವಾಂಟೆ ಪಾಬೊ ತೋರಿಸಿದರು. ಯುರೋಪಿನಲ್ಲಿ ಶೇ 16ರಷ್ಟು ಜನರಲ್ಲಿದೆ. ದಕ್ಷಿಣ ಏಷ್ಯಾದಲ್ಲಿ ಹತ್ತಿರ ಹತ್ತಿರ ಅರ್ಧ ಜನರಲ್ಲಿ! ಅಂದರೆ ನಿಮ್ಮ ಓದುಗರಲ್ಲೂ ಬಹಳ ಜನರ ಮೈಯಲ್ಲಿ ಇರಬಹುದು, ಅಲ್ವಾ?

ಕೆಲವು ವರ್ಷಗಳ ಹಿಂದೆ ಎನ್‌ಸಿಇಆರ್‌ಟಿ 10ನೇ ತರಗತಿ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠವನ್ನೇ ಕೈಬಿಟ್ಟಿತು. ಮಕ್ಕಳಿಗೆ ಈ ವಿಷಯ ಸಿಗುವುದು ನಿಮ್ಮಂಥ ಪುರವಣಿಗಳಲ್ಲೇ ಎನ್ನುವ ಹಾಗಾಗಿದೆ. ಅದಕ್ಕೇ ಇಷ್ಟು ಹಟ.

ಬೇಸಿಗೆಯಲ್ಲಿ ನಮ್ಮ ತುಂಗಭದ್ರೆ ಮರಳಿನ ಮೇಲೆ ಹತ್ತಾರು ಕವಲಾಗಿ ಹರಿಯುತ್ತಾಳೆ. ಕೆಲವು ಅಲ್ಲೇ ಇಂಗುತ್ತವೆ, ಕೆಲವು ಮುಂದೆ ಹೋಗಿ ಮತ್ತೆ ಕೂಡುತ್ತವೆ. ಮುಂದಿನ ಸಲ ಅಂಥದ್ದೊಂದು ಚಿತ್ರ ಹಾಕಿ. ನಿಮ್ಮ ಕಲಾವಿದರಿಗೆ ಪುರುಸೊತ್ತಿಲ್ಲದಿದ್ದರೆ ಹೇಳಿ, ನನ್ನ ಹತ್ತಿರ ಇನ್ನೂ ಅರ್ಧ ಡಬ್ಬಿ ಚಾಕ್‌ಪೀಸ್ ಉಳಿದಿದೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಹರಿಹರ