ನಿವೃತ್ತರು ವಾರಕ್ಕೊಂದು ಬೆಳಗ್ಗೆ ಪಂಚಾಯತ್ ಗ್ರಂಥಾಲಯದಲ್ಲಿ ಕುಳಿತುಕೊಳ್ಳಲಿ

ಮಾನ್ಯರೇ,

1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಯಾವ ಬಡಾವಣೆಗೆ ಹೋದರೂ ಜೀವಮಾನವಿಡೀ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು ಒಬ್ಬರಾದರೂ ಸಿಗುತ್ತಾರೆ. ಅಂಚೆ, ಕಂದಾಯ, ಶಿಕ್ಷಣ ಇಲಾಖೆಗಳಿಂದ ನಿವೃತ್ತರಾದವರೂ ಕಡಿಮೆಯಿಲ್ಲ. ಇವರು ವಾರಕ್ಕೊಂದು ಬೆಳಗ್ಗೆ ತಮ್ಮ ಗ್ರಾಮ ಪಂಚಾಯತ್‌ನ ಗ್ರಂಥಾಲಯದಲ್ಲಿ ಕುಳಿತು, ಬಂದವರಿಗೆ ಉಚಿತವಾಗಿ ಸಲಹೆ ನೀಡುವ ವ್ಯವಸ್ಥೆ ಆಗಬೇಕೆಂಬುದು ನನ್ನ ಕೋರಿಕೆ.

ಇದರ ಅಗತ್ಯ ನನಗೆ ಮನದಟ್ಟಾದದ್ದು ಒಂದು ಪಾಸ್‌ಪುಸ್ತಕದಿಂದ. ಮಲ್ಪೆಯಲ್ಲಿ ಬೋಟಿನ ಕೆಲಸಕ್ಕೆ ಹೋಗುತ್ತಿದ್ದ, ಐವತ್ತರ ಆಸುಪಾಸಿನ ಒಬ್ಬರು ತೀರಿಕೊಂಡ ಬಳಿಕ ಅವರ ಪತ್ನಿ, ಖಾತೆಯಲ್ಲಿ ಉಳಿದಿರುವ ಅಲ್ಪ ಮೊತ್ತವನ್ನು ತೆಗೆಯುವುದು ಹೇಗೆಂದು ಕೇಳಲು ಬಂದಿದ್ದರು. ಪುಟ ತಿರುಗಿಸುತ್ತಾ ಹೋದಂತೆ ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಕಡಿತವಾದದ್ದು ಕಂಡಿತು. ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯ ವಾರ್ಷಿಕ ಕಂತು. ಹಾಗಾಗಿ ನಾಮಿನಿಯಾದ ಆಕೆಗೆ ಎರಡು ಲಕ್ಷ ರೂಪಾಯಿ ಸಲ್ಲಬೇಕಿತ್ತು. ಬ್ಯಾಂಕಿನ ಖರ್ಚೆಂದು ಭಾವಿಸಿ ಮನೆಯವರು ಅದುವರೆಗೆ ಆ ಸಾಲನ್ನು ಗಮನಿಸಿರಲಿಲ್ಲ. ಮರಣ ಪ್ರಮಾಣಪತ್ರದೊಂದಿಗೆ ಅರ್ಜಿ ತುಂಬಿ ಸಲ್ಲಿಸಿದ್ದಷ್ಟೇ ನಾವು ಮಾಡಿದ ಕೆಲಸ, ಹಣ ಬಂತು. ಇಂಥ ಸಾಲುಗಳು ಇನ್ನೆಷ್ಟು ಮನೆಗಳ ಕಪಾಟಿನಲ್ಲಿ ಯಾರೂ ಓದದೆ ಬಿದ್ದಿವೆಯೋ ಎಂಬ ಯೋಚನೆ ನನ್ನನ್ನು ಇಂದಿಗೂ ಕಾಡುತ್ತದೆ.

ಸಲಹೆ ಸಿಗುವ ಸಮಯವೂ ಮುಖ್ಯ. ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆಗೆಂದು 2007ರಲ್ಲೇ ಕಾಯ್ದೆ ಬಂದಿದೆ. ಮಕ್ಕಳ ಹೆಸರಿಗೆ ಜಾಗ ಬರೆದುಕೊಡುವಾಗ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲಿ ಸ್ಪಷ್ಟವಾಗಿ ಸೇರಿಸಿದ್ದರೆ, ಆ ಮಾತು ತಪ್ಪಿದಾಗ ಪತ್ರವನ್ನು ಅನೂರ್ಜಿತಗೊಳಿಸುವಂತೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ಕೇಳಬಹುದು. ಇದನ್ನು ಸಹಿ ಹಾಕುವ ಮೊದಲು ಹೇಳುವವರು ಬೇಕು. ಮನೆಯಿಂದ ಹೊರಬಿದ್ದ ಮೇಲೆ ತಿಳಿದರೆ ಆ ಹಿರಿಯರು ಎಷ್ಟು ಅಲೆಯಬೇಕಾಗುತ್ತದೆ ಎಂಬುದನ್ನು ಕಂಡವರೇ ಬಲ್ಲರು. ಹಾಗೆಯೇ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯವನ್ನು ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಅದಕ್ಕೆ 15100 ಎಂಬ ಸಹಾಯವಾಣಿಯೂ ಇದೆ. ಆದರೆ ಸಂಕಟದಲ್ಲಿರುವವರು ಸಂಖ್ಯೆಗೆ ಕರೆ ಮಾಡುವುದಕ್ಕಿಂತ ಮೊದಲು ಪರಿಚಿತ ಮುಖವೊಂದನ್ನು ಹುಡುಕುತ್ತಾರೆ. ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಕುಂದಾಪ್ರ ಕನ್ನಡದಲ್ಲೋ ತಮ್ಮ ಕಷ್ಟವನ್ನು ಪೂರ್ತಿ ಹೇಳಿಕೊಳ್ಳಲು ಬಯಸುತ್ತಾರೆ. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ ನಮ್ಮಲ್ಲಿ ಬೇರೂರಿದ್ದು ಕೂಡ, ದಿನವೂ ಅಂಗಡಿ, ಮನೆಗಳ ಬಾಗಿಲಿಗೆ ಬರುತ್ತಿದ್ದ ಸಂಗ್ರಾಹಕರ ಮೇಲೆ ಜನರಿಗಿದ್ದ ನಂಬಿಕೆಯಿಂದಲೇ.

ಆ ನಂಬಿಕೆಗೆ ಧಕ್ಕೆ ಬಾರದಂತೆ ಕೆಲವು ಕಟ್ಟುಪಾಡುಗಳಿರಲೇಬೇಕು. ಸಲಹೆಗೆ ಕುಳಿತವರು ಯಾರಿಂದಲೂ ಹಣ ಪಡೆಯಬಾರದು, ವಿಮೆ ಅಥವಾ ಚೀಟಿ ಫಂಡಿನ ಮಾತು ಎತ್ತಬಾರದು, ಒಟಿಪಿ, ಪಿನ್ ಕೇಳಲೇಬಾರದು, ಕೇಳಿದ್ದನ್ನು ಹೊರಗೆ ಆಡಬಾರದು. ಊರು ಚಿಕ್ಕದು, ಮನೆಯ ಜಗಳ ಗ್ರಂಥಾಲಯದಿಂದ ಹೋಟೆಲಿಗೆ ತಲುಪಿದರೆ ಮರುವಾರ ಆ ಮೇಜಿನ ಬಳಿಗೆ ಯಾರೂ ಬರಲಾರರು. ಸಲಹೆ ನೀಡುವುದೆಂದರೆ ತೀರ್ಮಾನ ಕೊಡುವುದಲ್ಲ ಎಂಬುದೂ, ದಶಕಗಳ ಕಾಲ ಅಧಿಕಾರಿಯಾಗಿದ್ದವರಿಗೆ ಅಭ್ಯಾಸವಾಗಬೇಕು. ಮನಸ್ಸಿನ ನೋವಿನಿಂದ ಕುಗ್ಗಿ ಬಂದವರನ್ನು ಉಪದೇಶ ಮಾಡಿ ಕಳುಹಿಸದೆ ಟೆಲಿ ಮಾನಸ್‌ನ 14416ಕ್ಕೆ ಅಲ್ಲಿಯೇ ಕರೆ ಮಾಡಿಸಿ ಪಕ್ಕದಲ್ಲಿ ಕುಳಿತಿರಬೇಕು. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡವರಿಂದ ತಡಮಾಡದೆ 1930ಕ್ಕೆ ದೂರು ಕೊಡಿಸಬೇಕು.

ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2009ರಿಂದಲೇ ಅರೆಕಾನೂನು ಸ್ವಯಂಸೇವಕರನ್ನು, ಅಂದರೆ ವಕೀಲರಲ್ಲದಿದ್ದರೂ ಜನರಿಗೆ ಕಾನೂನು ನೆರವಿನ ದಾರಿ ತೋರಿಸುವವರನ್ನು, ತರಬೇತಿಗೊಳಿಸುವ ಯೋಜನೆಯನ್ನು ನಡೆಸುತ್ತಿದೆ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಪ್ರಾಧಿಕಾರಗಳು ಆಸಕ್ತ ನಿವೃತ್ತರಿಗೆ ಇಂಥದೇ ತರಬೇತಿ ನೀಡಬೇಕೆಂದೂ, ಗ್ರಾಮ ಪಂಚಾಯತ್‌ಗಳು ಒಂದು ಮೇಜು, ಎರಡು ಕುರ್ಚಿ ಹಾಗೂ ದಿನ, ಸಮಯ ಬರೆದ ಫಲಕವನ್ನು ಒದಗಿಸಬೇಕೆಂದೂ ವಿನಂತಿಸುತ್ತೇನೆ. ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಸಲ್ಲಿಸಲು ಪರದಾಡುವ ನವೆಂಬರ್ ತಿಂಗಳೊಳಗೆ ನಾಲ್ಕಾರು ಪಂಚಾಯತ್‌ಗಳಲ್ಲಾದರೂ ಇದು ಆರಂಭವಾಗಲಿ. ನಮ್ಮ ಪಂಚಾಯತ್ ಒಪ್ಪಿದರೆ ಪ್ರತಿ ಬುಧವಾರ ಬೆಳಗ್ಗೆ ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ.

– ಓರ್ವ ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ